ಉಪ್ಪು ತಿಂದ ಸೌತೆಕಾಯಿ

ಅವತ್ತು ಹೆಂಡತಿಗೆ ಡ್ಯೂಟಿ. ಬೆಳಗಾವಿಯಿಂದ ಮಾವನವರು ವಿಜಯಪುರದ ನಮ್ಮ ಮನೆಗೆ ಊಟಕ್ಕೆ ಬರುವವರಿದ್ದರು. ‘ನಾ ನೋಡ್ಕೋತೀನಿ’ ಎಂದುಬಿಟ್ಟೆ. ರೊಟ್ಟಿ, ಎಣ್ಣೆಗಾಯಿ ಖಾನಾವಳಿಯಿಂದ ತಂದರಾಯ್ತು. ಪಚಡಿ, ಶಿರಾ ಮಾತ್ರ ನನ್ನ ಪಾಲು.

ಶಿರಾ ಮಾಡಿಟ್ಟು, ಒಂಬತ್ತಕ್ಕೇ ಸೌತೆಕಾಯಿ ಹೆಚ್ಚಿ, ಧಾರಾಳವಾಗಿ ಉಪ್ಪು ಕಲಸಿ ಮುಚ್ಚಿಟ್ಟೆ. ಒಂದು ಗಂಟೆಗೆ ಮುಚ್ಚಳ ತೆಗೆದರೆ ಅರ್ಧ ಪಾತ್ರೆ ನೀರು! ಒಂದು ಹೋಳು ಎತ್ತಿ ಬಗ್ಗಿಸಿದೆ. ಕಟಕ್ ಅನ್ನಬೇಕಿದ್ದದ್ದು ಒದ್ದೆ ರಟ್ಟಿನಂತೆ ಸುಮ್ನೆ ಮಡಚಿಕೊಂಡಿತು.

“ಅಪ್ಪಾ, ಇದ ಅಭಿಸರಣೆ,” ಎಂದಳು ಒಂಬತ್ತನೇ ಕ್ಲಾಸಿನ ಮಗಳು, ನನ್ನ ಕಷ್ಟದಲ್ಲಿ ಅವಳಿಗೆ ಪಾಠ ಸಿಕ್ಕ ಖುಷಿ. ಸೌತೆಕಾಯಿಯ ಒಂದೊಂದು ಜೀವಕೋಶಕ್ಕೂ ಪೊರೆ ಇದೆ. ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತ ತೆಳು. ನೀರನ್ನು ಸಲೀಸಾಗಿ ಬಿಡುತ್ತದೆ, ಉಪ್ಪನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಹೊರಗೆ ಉಪ್ಪು ಜಾಸ್ತಿಯಾದರೆ ಒಳಗಿನ ನೀರು ಅತ್ತ ಹೊರಡುತ್ತದೆ. ನೀರಿಗೆಂದೇ ಪೊರೆಯಲ್ಲಿ ಬಾಗಿಲುಗಳೂ ಇವೆ; ಅವನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು. ಅದೇ ಬಾಗಿಲಿಂದ ನನ್ನ ಮಾನ ಹೋಯಿತು. ಉಪ್ಪು ತಿಂದವನು ನೀರು ಕುಡಿಯಬೇಕು ಅಂತಾರಲ್ವಾ? ಸೌತೆಕಾಯಿಯದು ಉಲ್ಟಾ, ಇದ್ದ ನೀರನ್ನೂ ಕಕ್ಕಿತ್ತು.

ಬಾಡಿದ ಕೊತ್ತಂಬರಿ ತಣ್ಣೀರಲ್ಲಿಟ್ಟರೆ ಮತ್ತೆ ನೆಟ್ಟಗಾಗುತ್ತದೆ. ಅದೇ ಲೆಕ್ಕದಲ್ಲಿ ಹೋಳುಗಳನ್ನೂ ನೀರಿಗೆ ಹಾಕಿದೆ. ಏಳಲಿಲ್ಲ. ನಾಲ್ಕು ತಾಸು ಉಪ್ಪಲ್ಲಿ ಬಿದ್ದು ಕೋಶಗಳೇ ಸತ್ತಿದ್ದರೆ ಪೊರೆ ತಾನೇ ಏನು ಕಾಯುತ್ತದೆ? ಮೊಸರು ಸುರಿದು ಮುಚ್ಚಿದೆ.

ಶಿರಾ ಮಾತ್ರ ಘಮಘಮ. ಆದರೆ ದ್ರಾಕ್ಷಿ ಬೆಳೆಯುವ ಊರಲ್ಲಿದ್ದು ಒಣದ್ರಾಕ್ಷಿ ಇಲ್ಲದ ಶಿರಾನಾ? ಅಡುಗೆ ಕಟ್ಟೆಯ ಮೇಲೆ ಎರಡು ಬಟ್ಟಲಲ್ಲಿ ನೆನೆಯುತ್ತಿದ್ದವು. ಒಂದರಲ್ಲಿ ಗೋಲಿಯಂತೆ ಉಬ್ಬಿದ್ದವು, ಇನ್ನೊಂದರಲ್ಲಿ ಸುಕ್ಕುಸುಕ್ಕಾಗಿಯೇ ಇದ್ದವು. ಉಬ್ಬಿದ್ದು ಕೆಟ್ಟಿರಬೇಕೆಂದು ಸುಕ್ಕಿನವನ್ನೇ ಸೌಟಲ್ಲಿ ಎತ್ತಿ ಶಿರಾಕ್ಕೆ ಕಲಸಿದೆ.

ಮಾವನವರು ಕೂತರು. ಮಗಳು ಒಳಗಿಂದ ಓಡಿ ಬಂದಳು. “ಅಪ್ಪಾ, ನನ್ನ ಪ್ರಯೋಗದ ದ್ರಾಕ್ಷಿ ಎಲ್ಲಿ? ಸಕ್ಕರಿ ನೀರಾಗ ಹಾಕೂದಿತ್ತು. ಡಬ್ಬಿ ಪೂರಾ ನೀವ ಶಿರಾಕ್ಕ ಖಾಲಿ ಮಾಡಿದ್ರಿ, ಅದಕ್ಕ ಉಪ್ಪ ಹಾಕಿದ್ದೆ!”

ಮಾವನವರು ಅಗಿಯುವುದನ್ನು ನಿಲ್ಲಿಸಿದರು. ನಿಧಾನಕ್ಕೆ ನುಂಗಿದರು.

“ಅಳ್ಯಾರ, ಶಿರಾಕ್ಕ ಉಪ್ಪಿನಕಾಯಿ ಕಲಸೂದು ನಿಮ್ಮ ಬಿಜಾಪುರದ ಪದ್ಧತೇನ್ರಿ?”