ಪತ್ರಿಕೆಯ ಕೆಳಗಿನ ಆ ಒಂದು ಸಾಲು

ಮಗಳ ಮದುವೆ ಮಾಘದಲ್ಲಿ. ನಮ್ಮ ಮನೆಯಲ್ಲಿ ಈಗ ನೆಟ್ಟಗೆ ಕೂರಲು ಜಾಗವಿಲ್ಲ. ದಿವಾನದ ಮೇಲೆ ಸೀರೆ ಡಬ್ಬಗಳು, ಊಟದ ಮೇಜಿನ ಮೇಲೆ ಲಗ್ನಪತ್ರಿಕೆಯ ಕಟ್ಟು, ದೇವರ ಕೋಣೆಯ ಗೋಡೆಗೆ ಒರಗಿಸಿದ ಎರಡು ಮೂಟೆ ಅಕ್ಕಿ. ಸುಣ್ಣ ಬಣ್ಣ ಅರ್ಧಕ್ಕೆ ನಿಂತಿದೆ. ಬಣ್ಣದವರು ಇನ್ನೊಂದು ಮದುವೆ ಮನೆ ಹಿಡಿದಿದ್ದಾರಂತೆ. ಮಗಳು ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಆಫೀಸಿನ ಮೀಟಿಂಗ್‌ನಲ್ಲಿರುತ್ತಾಳೆ. ಬಾಗಿಲಾಚೆ ಅವಳ ಅಜ್ಜಿ ಮೊರದಲ್ಲಿ ಅಕ್ಕಿ ಕೇರುತ್ತಾ ಕೂತಿರುತ್ತಾರೆ. ಒಂದು ದಿನ ಆ ಸದ್ದು ಕೇಳಿ ಅವಳ ಮ್ಯಾನೇಜರ್ ‘ಮೈಸೂರಲ್ಲಿ ಮಳೆಯಾ?’ ಅಂದರಂತೆ.

ಇಷ್ಟು ಗಲಾಟೆಯ ನಡುವೆ ಮನೆಯಲ್ಲಿ ಎರಡು ವಾರ ಮುಖ ಊದಿಸಿಕೊಂಡು ಓಡಾಡಿದ್ದು ಚಿನ್ನಕ್ಕಲ್ಲ, ಛತ್ರಕ್ಕಲ್ಲ, ಅಡುಗೆಯವರ ಎಲೆ ಲೆಕ್ಕಕ್ಕೂ ಅಲ್ಲ. ಪತ್ರಿಕೆಯ ಕೊನೆಯಲ್ಲಿದ್ದ ಒಂದು ಸಾಲಿಗೆ.

‘ಆಶೀರ್ವಾದವೇ ಉಡುಗೊರೆ.’

ಮಗಳು ಹಾಕಿಸಿದ್ದು. ಅವಳ ಸ್ನೇಹಿತೆಯರ ಪತ್ರಿಕೆಗಳಲ್ಲೆಲ್ಲ ಇದೆ. ನಮ್ಮನೆಯವರಿಗೂ ಇಷ್ಟವಾಯಿತು. ನನಗಂತೂ ಒಳಗೊಳಗೇ ಸ್ವಲ್ಪ ಹೆಮ್ಮೆ. ನಾವು ಯಾರ ಮುಂದೆಯೂ ಕೈಚಾಚುವವರಲ್ಲ ಅಂತ ನಯವಾಗಿ ಹೇಳಿದ ಹಾಗೆ ಅಲ್ವಾ? ಪ್ರೂಫ್ ಮೊಬೈಲಿಗೆ ಬಂದ ದಿನ ಅತ್ತೆಗೆ ಓದಿ ಹೇಳಿದೆ. ಅವರಿಗೆ 82. ಶಾಲೆಗೆ ಹೋದವರಲ್ಲ. ಊರ ಹೆಸರು, ಸೋದರಮಾವನ ಹೆಸರು, ‘ತಮ್ಮ ಸುಖಾಗಮನ ಬಯಸುವವರು’ ಎಲ್ಲದಕ್ಕೂ ಹೂಂ ಅಂದರು. ಕೊನೆಯ ಸಾಲಿಗೆ ಮೊರ ಕೆಳಗಿಟ್ಟರು.

‘ಅಂದ್ರೆ?’

‘ಮುಯ್ಯಿ ಬೇಡ ಅಂತ, ಅತ್ತೆ.’

‘ಹಂಗಾರೆ ಜನಾನ ಯಾಕೆ ಕರೀತೀರವ್ವ? ಫೋನಲ್ಲೇ ತೋರ್ಸಿ ಬುಡಿ.’

ಮಂಡ್ಯ, ಹಾಸನ, ಮೈಸೂರು ಕಡೆಯವರಿಗೆ ಮುಯ್ಯಿ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಎರಡು ಮಾತು. ಛತ್ರದಲ್ಲಿ ಒಂದು ಮೇಜು, ಒಂದು ನೋಟ್‌ಬುಕ್, ಅಕ್ಷರ ಚೆನ್ನಾಗಿರುವ ಒಬ್ಬ ನೆಂಟ. ಬಂದವರು ಹೆಸರು, ಊರು ಹೇಳಿ ದುಡ್ಡು ಕೊಡುತ್ತಾರೆ, ಅವನು ಬರೆದುಕೊಳ್ಳುತ್ತಾನೆ. ನಾಳೆ ಅವರ ಮನೆಯಲ್ಲಿ ಮದುವೆಯಾದರೆ ನಾವು ಪುಸ್ತಕ ತೆಗೆದು ನೋಡಿ, ಬಂದಿದ್ದಕ್ಕಿಂತ ಸ್ವಲ್ಪ ಜಾಸ್ತಿ ಸೇರಿಸಿ ಹಾಕಿ ಬರಬೇಕು. ಉತ್ತರ ಕರ್ನಾಟಕದ ನನ್ನ ಸಹೋದ್ಯೋಗಿಯೊಬ್ಬರು ಇದನ್ನೇ ಆಹೇರಿ ಅನ್ನುತ್ತಾರೆ. ಅವರ ಕಡೆ ಬಟ್ಟೆಯೂ ಜೊತೆಗಿರುತ್ತದಂತೆ, ಮೈಕಿನಲ್ಲಿ ಹೆಸರೂ ಕೂಗುತ್ತಾರಂತೆ.

ನೋಡಿ, ಪದವೇ ತಮಾಷೆಯಾಗಿದೆ. ಒಬ್ಬರ ಹೊಲದಲ್ಲಿ ಇವತ್ತು ನಾಟಿ ಮಾಡಿ, ನಾಳೆ ಅವರನ್ನು ನಮ್ಮ ಹೊಲಕ್ಕೆ ಕರೆದರೆ ಅದು ಮುಯ್ಯಾಳು. ಕೂಲಿ ಇಲ್ಲ, ಆಳಿಗೆ ಆಳು. ಮದುವೆಯಲ್ಲಿ ಕೊಟ್ಟರೆ ಮುಯ್ಯಿ. ಹಗೆ ಸಾಧಿಸಿದರೆ ಅದೂ ಮುಯ್ಯಿ ತೀರಿಸಿಕೊಂಡಂತೆಯೇ. ಪ್ರೀತಿಯಾಗಲಿ ದ್ವೇಷವಾಗಲಿ, ಬಾಕಿ ಉಳಿಸಿಕೊಳ್ಳಬಾರದು ಅಂತ ನಮ್ಮ ಹಿಂದಿನವರು ಎರಡಕ್ಕೂ ಒಂದೇ ಹೆಸರಿಟ್ಟುಬಿಟ್ಟಿದ್ದಾರೆ.

ಆ ಸಂಜೆ ಅತ್ತೆ ಮಂಚದ ಕೆಳಗಿನ ಟ್ರಂಕು ಎಳೆಸಿದರು. ಹಳೇ ಧಾರೆ ಪಂಚೆಯಲ್ಲಿ ಸುತ್ತಿಟ್ಟ ಉದ್ದನೆಯ ಪುಸ್ತಕ. ನಮ್ಮ ಮದುವೆಯದು, 1994ರ ಫೆಬ್ರವರಿ. ಮೊದಲ ಪುಟದಲ್ಲಿ ‘ಶ್ರೀ’, ನಾಲ್ಕು ಮೂಲೆಗೂ ಅರಿಶಿನ. ಈಗ ಅದು ಕಂದು ಬಣ್ಣಕ್ಕೆ ತಿರುಗಿದೆ.

‘ಓದು,’ ಅಂದರು.

ಓದಿದೆ. ನಾನು ಹೆಸರು ಹೇಳುವಷ್ಟರಲ್ಲಿ ಅವರು ಮೊತ್ತ ಹೇಳುತ್ತಿದ್ದರು. ಇಂಥ ಊರಿನ ಇಂಥವರು ಅಂದರೆ ‘ಹನ್ನೊಂದು.’ ಇನ್ನೊಬ್ಬರು ಅಂದರೆ ‘ಇಪ್ಪತ್ತೊಂದು, ಒಂದು ಸ್ಟೀಲ್ ಕೊಳಗ. ಆ ಕೊಳಗದಲ್ಲೇ ನಿನ್ ಮಗಳಿಗೆ ನೀರು ಕಾಯಿಸ್ತಿದ್ದುದು.’ ಅಕ್ಷರ ಗೊತ್ತಿಲ್ಲದ ಅವರಿಗೆ ಮುನ್ನೂರು ಚಿಲ್ಲರೆ ಹೆಸರು ಬಾಯಿಪಾಠ. ಎರಡು ಕಡೆ ಮಾತ್ರ ತಪ್ಪಿದರು. ಅದರಲ್ಲಿ ಒಂದು, ಬರೆದವನ ತಪ್ಪೇ ಅಂತ ಇವತ್ತಿಗೂ ವಾದ ಮಾಡುತ್ತಾರೆ.

ದುಡ್ಡು ಮಾತ್ರ ಅಲ್ಲ. ಐದು ಸೇರು ಅಕ್ಕಿ. ಹತ್ತು ತೆಂಗಿನಕಾಯಿ. ಬಾಳೆಎಲೆ ಎರಡು ಕಟ್ಟು. ‘ಸೌದೆ ಒಂದು ಗಾಡಿ’ ಅಂತಲೂ ಇದೆ. ನಾನು ಇದೇ ಮನೆಯಲ್ಲಿ 31 ವರ್ಷ ಬಾಳಿದ್ದೇನೆ. ನನ್ನ ಮದುವೆಯ ಅನ್ನ ಯಾರ ಗಾಡಿಯ ಸೌದೆಯಲ್ಲಿ ಬೆಂದಿತ್ತು ಅಂತ ಈಗ ಗೊತ್ತಾಯಿತು.

ಅಲ್ಲೇ ಪಕ್ಕದಲ್ಲಿ ಮಗಳು ಲ್ಯಾಪ್‌ಟಾಪ್ ಹಿಡಿದು ಕೂತಳು. ಅವಳಿಗೆ ಜಗಳಕ್ಕಿಂತ ಲೆಕ್ಕದಲ್ಲಿ ಆಸಕ್ತಿ. ‘ಅಮ್ಮ, ಆವಾಗ 101 ಅಂದ್ರೆ ಈಗೆಷ್ಟು?’ ಅಂತ ಶುರುಮಾಡಿದಳು. ಆಗ ಚಿನ್ನ ಗ್ರಾಂಗೆ 500 ರೂಪಾಯಿಯ ಒಳಗಿತ್ತು. ಅಂದರೆ 101 ರೂಪಾಯಿಗೆ ಹೆಚ್ಚುಕಡಿಮೆ ಎರಡು ಗುಲಗಂಜಿ ತೂಕದ ಚಿನ್ನ ಬರುತ್ತಿತ್ತು. ಈಗ ಗ್ರಾಂ 10 ಸಾವಿರ ದಾಟಿದೆ. ಆ 101 ಈಗಿನ ಲೆಕ್ಕದಲ್ಲಿ 2 ಸಾವಿರಕ್ಕೂ ಜಾಸ್ತಿ! ನಮ್ಮನೆಯವರ ಮುಖ ಸಣ್ಣಗಾಯಿತು. ಅಂಥ 101 ಹಾಕಿದವರಲ್ಲಿ ಒಬ್ಬರ ಮಗನ ಮದುವೆಗೆ 2016ರಲ್ಲಿ ಇವರು 500 ಹಾಕಿ, ಜಾಸ್ತಿಯೇ ಕೊಟ್ಟೆ ಅನ್ನುವ ಗತ್ತಿನಲ್ಲಿ ಊಟ ಮಾಡಿ ಬಂದಿದ್ದರು.

‘ಚಿನ್ನದ ಲೆಕ್ಕ ಹಾಕಬ್ಯಾಡ ಕಣಮ್ಮಿ,’ ಅಂದರು ಅತ್ತೆ. ‘ಹೋಗಿದ್ವಾ ಇಲ್ವಾ, ಅದು ಲೆಕ್ಕ.’

ಮಗಳೇನೂ ಸುಮ್ಮನಿರಲಿಲ್ಲ. ಅವಳ ಮಾತಿನಲ್ಲೂ ನಿಜ ಇತ್ತು. ‘ಅಜ್ಜಿ, ಮುಯ್ಯಿ ಹಾಕೋಕೆ ದುಡ್ಡಿಲ್ಲ ಅಂತಲೇ ಮದುವೆಗೆ ಬರದೇ ಇರೋರು ಎಷ್ಟು ಜನ ಇಲ್ಲ? ಸೀಸನ್‌ನಲ್ಲಿ ತಿಂಗಳಿಗೆ ಎಂಟು ಮದುವೆ. ಒಂದೊಂದಕ್ಕೆ 500 ಅಂದ್ರೂ ಕೂಲಿ ಮಾಡೋರು ಎಲ್ಲಿಂದ ತರ್ತಾರೆ?’ ಅಂದಳು. ನನ್ನ ತವರಿನ ಕಡೆಯ ಒಬ್ಬ ಚಿಕ್ಕಮ್ಮ ಓಲೆ ಅಡವಿಟ್ಟು ಮುಯ್ಯಿ ಹಾಕಿದ್ದು ನನಗೇ ಗೊತ್ತು. ಕೊಟ್ಟಿದ್ದು ಕಡಿಮೆ ಅಂತ ವರ್ಷಗಟ್ಟಲೆ ಆಡಿಕೊಂಡವರೂ ಗೊತ್ತು. ಅತ್ತೆ ಅದಕ್ಕೆ ಉತ್ತರ ಕೊಡಲಿಲ್ಲ. ಪುಸ್ತಕ ಮಡಿಚಿ ಒಳಗೆ ಹೋದರು. ನಾವು ಮೊದಲ ನೂರು ಪತ್ರಿಕೆ ಆ ಸಾಲಿನ ಸಮೇತವೇ ಅಚ್ಚು ಹಾಕಿಸಿದೆವು. ಅದರಲ್ಲೂ ಅತ್ತೆಯ ತವರೂರಿನ ಹೆಸರಿಗೆ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಮಾಡಿದ್ದುಣ್ಣೋ ಮಾರಾಯ ಅಂದುಕೊಂಡೆ.

ಧನುರ್ಮಾಸ ಬರುವ ಮುಂಚೆ ಹಂಚಬೇಕು ಅಂತ ಒಂದು ಭಾನುವಾರ ಬೆಳಗ್ಗೆಯೇ ಹೊರಟೆವು. ಮೊದಲ ಪತ್ರಿಕೆ ಮನೆದೇವರಿಗೆ, ಆದಿಚುಂಚನಗಿರಿಯ ಕಾಲಭೈರವನಿಗೆ. ಬೆಳ್ಳೂರು ಕ್ರಾಸ್‌ನಲ್ಲಿ ತಿಂಡಿ ತಿಂದು ನಾಗಮಂಗಲ ಸೀಮೆಯ ಹಳ್ಳಿಗಳಿಗೆ ಇಳಿದೆವು. ನಮ್ಮ ಕಡೆ ವಾಟ್ಸಾಪ್‌ನಲ್ಲಿ ಕರೆದರೆ ಕರೆದಂತೆ ಅಲ್ಲ. ಗಂಡ ಹೆಂಡತಿ ಇಬ್ಬರೂ ಹೋಗಬೇಕು, ಹೊಸಿಲು ದಾಟಬೇಕು, ಕುಂಕುಮ ಕೊಡಬೇಕು, ‘ಎರಡು ದಿನ ಮುಂಚೇನೇ ಬಂದ್ಬಿಡಿ’ ಅನ್ನಬೇಕು. ಹನ್ನೊಂದು ಮನೆ, ಹನ್ನೊಂದು ಲೋಟ ಕಾಫಿ. ಒಂದು ಮನೆಯಲ್ಲಿ ಕಾಫಿ ಬೇಡ ಅಂದಿದ್ದಕ್ಕೆ ಹಾಲು, ಬಾಳೆಹಣ್ಣು, ಅದರ ಮೇಲೆ ಒಬ್ಬಟ್ಟು.

ಹನ್ನೆರಡನೇ ಮನೆ ಊರಾಚೆ. ನಮ್ಮ ಮಾವನ ಕಾಲದಲ್ಲಿ ಗದ್ದೆ ಕೆಲಸಕ್ಕೆ ಬರುತ್ತಿದ್ದ ಅಜ್ಜಿಯದು. ‘ಅವಳನ್ನ ಮರೀಬೇಡಿ’ ಅಂತ ಅತ್ತೆ ಮೂರು ಸಲ ಹೇಳಿ ಕಳಿಸಿದ್ದರು. ನಮ್ಮ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ‘2 ರೂ., ಅವರೆಕಾಯಿ ಒಂದು ಕುಕ್ಕೆ’ ಅಂತ ಇದೆ. ಅಜ್ಜಿಗೆ ಈಗ ಕಣ್ಣು ಮಂಜು. ಪತ್ರಿಕೆ ಕೈಗೆ ಕೊಟ್ಟೆ. ಸವರಿ ನೋಡಿ, ಪಿಯುಸಿ ಓದುವ ಮೊಮ್ಮಗನಿಗೆ ಓದಲು ಹೇಳಿದರು. ಹುಡುಗ ಒಳ್ಳೇ ಭಾಷಣದ ಹಾಗೆ ಪೂರ್ತಿ ಓದಿದ. ಕೊನೆಯ ಸಾಲನ್ನೂ.

‘ಅಂಗಂದ್ರೇನ್ಲಾ?’

‘ದುಡ್ಡು ಗಿಡ್ಡು ತರಬ್ಯಾಡಿ ಅಂತ ಕಣಜ್ಜಿ.’

ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. ‘ನಮ್ಮಂತೋರದ್ದು ಬ್ಯಾಡ ಅಂತ್ಲಾ ಅವ್ವ? ನನ್ ಮಗನ ಮದ್ವೇಲಿ ನಿಮ್ಮತ್ತೆ ಸೀರೆ ಉಡ್ಸಿ, ನೂರೊಂದು ಮಡಿಲಿಗೆ ಹಾಕಿದ್ರು. ಅದು ನನ್ ತಲೆ ಮ್ಯಾಲೆ ಹಂಗೇ ಐತೆ. ಈ ಕೂಸಿನ ಮದ್ವೆ ಯಾವಾಗ ಮಾಡ್ತೀರೋ ಅಂತ ಕಾಯ್ಕೊಂಡಿದ್ದೆ.’

ಎಲ್ಲರಿಗೂ ಹಾಕಿರುವ ಸಾಲು ಅಜ್ಜಿ, ಈಗಿನ ಕಾಲದ ಪದ್ಧತಿ ಅಷ್ಟೇ ಅಂತ ಏನೇನೋ ಸಮಜಾಯಿಷಿ ಕೊಟ್ಟೆ. ನನ್ನ ಕಿವಿಗೇ ಅದು ಸರಿಬರಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ ಪಾಂಡವಪುರ ದಾಟುವವರೆಗೂ ಇಬ್ಬರೂ ಮಾತಾಡಲಿಲ್ಲ.

ನನ್ನ ಅಭಿಪ್ರಾಯ ಬದಲಾಗಿದ್ದು ಅಲ್ಲಿ. ‘ಉಡುಗೊರೆ ಬೇಡ’ ಅನ್ನುವುದು ಕೇಳಲು ದೊಡ್ಡ ಗುಣದ ಹಾಗಿದೆ. ಆದರೆ ಅದನ್ನು ಹೇಳಲು ಯಾರಿಗೆ ಆಗುತ್ತದೆ? ಕೈಯಲ್ಲಿ ಇರುವವರಿಗೆ. ನನಗೆ ಸಂಬಳ ಬರುತ್ತದೆ, ಮಗಳು ದುಡಿಯುತ್ತಾಳೆ, ಛತ್ರಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ. ನನಗೆ ಯಾರ ಎರಡು ರೂಪಾಯಿಯೂ ಬೇಕಿಲ್ಲ, ಸರಿ. ಬೇಕಿಲ್ಲ ಅಂತ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ ಊರೂರಿಗೆ ಹಂಚುವ ಹಕ್ಕು ಎಲ್ಲಿಂದ ಬಂತು? 1994ರಲ್ಲಿ ಆ ಅಕ್ಕಿ, ಆ ಸೌದೆ ಇಲ್ಲದಿದ್ದರೆ ನಮ್ಮ ಮಾವ ಸಾಲಕ್ಕೆ ಹೋಗಬೇಕಿತ್ತು. ಬಡ್ಡಿಯಿಲ್ಲದೆ, ಪತ್ರ ಬರೆಸಿಕೊಳ್ಳದೆ ಮುನ್ನೂರು ಮನೆ ಸೇರಿ ಒಂದು ಮದುವೆ ಎತ್ತಿದ್ದವು. ಹತ್ತಿದ ಏಣಿಯನ್ನು ಈಗ ನಾನು ಮೇಲೆ ಕೂತು ಒದೆಯುತ್ತಿದ್ದೇನೆ.

ಇದಕ್ಕೂ ವರದಕ್ಷಿಣೆಗೂ ಗಂಟು ಹಾಕಬೇಡಿ. ಬೀಗರು ಏನೂ ಕೇಳಿಲ್ಲ, ಕೇಳಿದ್ದರೆ ಈ ಪೋಸ್ಟೇ ಬೇರೆ ಇರುತ್ತಿತ್ತು. ಮಂಡ್ಯದಲ್ಲಿ ವಕೀಲನಾಗಿರುವ ನನ್ನ ತಮ್ಮ ಒಂದು ವಿಷಯ ಹೇಳಿದ, ಅದು ನನಗೆ ಹೊಸದು. ವರದಕ್ಷಿಣೆ ನಿಷೇಧ ಕಾಯ್ದೆ 1961ರದು. ಅದರ ಅಡಿಯಲ್ಲಿ 1985ರಲ್ಲಿ ಬಂದ ನಿಯಮಗಳ ಪ್ರಕಾರ, ಮದುವೆಯಲ್ಲಿ ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧು, ವರನಿಗೆ ಬಂದದ್ದನ್ನು ವರ ಬರೆದಿಟ್ಟುಕೊಳ್ಳಬೇಕು. ವಸ್ತು ಏನು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ನೆಂಟರಾದರೆ ಏನಾಗಬೇಕು, ಎಲ್ಲ ಬರೆದು ಇಬ್ಬರೂ ಸಹಿ ಹಾಕಬೇಕು. ‘ಅಕ್ಕ, ಇಷ್ಟು ವರ್ಷದಲ್ಲಿ ಅಂಥ ಪಟ್ಟಿ ಮಾಡಿದ ಒಬ್ಬನೇ ಒಬ್ಬ ಕಕ್ಷಿದಾರನನ್ನೂ ನಾನು ನೋಡಿಲ್ಲ,’ ಅಂದ. ನಮ್ಮ ಅತ್ತೆಯ ಟ್ರಂಕಿನಲ್ಲಿ ಸಹಿ ಒಂದು ಬಿಟ್ಟು ಹೆಚ್ಚುಕಡಿಮೆ ಅದೇ ಇದೆ.

ಇತ್ತೀಚೆಗೆ ಒಂದು ಮದುವೆಯಲ್ಲಿ ವೇದಿಕೆಯ ಪಕ್ಕ ಕ್ಯೂಆರ್ ಕೋಡ್ ಇಟ್ಟಿದ್ದರು, ಸುತ್ತ ಸೇವಂತಿಗೆ ಹಾರ. ಸ್ಕ್ಯಾನ್ ಮಾಡಿ 500 ಹಾಕಿದೆ, ಟಿಂಗ್ ಅಂತು. ಯಾಕೋ ಪೆಟ್ರೋಲ್ ಬಂಕಿನಲ್ಲಿ ನಿಂತ ಹಾಗಾಯಿತು. ‘ಅದರಲ್ಲೂ ಹೆಸರು ಇರುತ್ತಮ್ಮ, ನಿನ್ನ ನೋಟ್‌ಬುಕ್ಕಿಗಿಂತ ಪಕ್ಕಾ,’ ಅನ್ನುತ್ತಾಳೆ ಮಗಳು. ಇರಬಹುದು. ಮೇಜಿನ ಮುಂದೆ ನಿಂತು ‘ಯಾವೂರು? ಓ, ಅವರ ಅಳಿಯನಾ ನೀವು? ಊಟ ಆಯ್ತಾ?’ ಅನ್ನುವುದು ಅದರಲ್ಲಿ ಇಲ್ಲ.

ಕೊನೆಗೆ ಆದ ತೀರ್ಮಾನ ಇಷ್ಟು. ಉಳಿದ ನಾನೂರು ಪತ್ರಿಕೆಯಲ್ಲಿ ಆ ಸಾಲು ಇರುವುದಿಲ್ಲ, ಒತ್ತಕ್ಷರ ಇರುತ್ತದೆ. ಮಗಳು ಒಂದು ಷರತ್ತು ಹಾಕಿದಳು. ಮೊತ್ತವನ್ನು ಯಾರೂ ಜೋರಾಗಿ ಓದಬಾರದು, ಮದುವೆ ಮುಗಿದ ಮೇಲೆ ಯಾರು ಎಷ್ಟು ಅಂತ ಮನೆಯಲ್ಲಿ ಚರ್ಚೆ ಮಾಡಬಾರದು. ಅತ್ತೆ ಮೊದಲನೆಯದಕ್ಕೆ ಒಪ್ಪಿದ್ದಾರೆ. ಎರಡನೆಯದು ಕೇಳಿಸದವರ ಹಾಗೆ ಎದ್ದು ಹೋದರು. ಕೊಡದೇ ಬಂದವರಿಗೂ ಅದೇ ಎಲೆ, ಅದೇ ಊಟ, ಬೀಗರೂಟಕ್ಕೂ ಕರೆ. ಇದನ್ನು ಮಾತ್ರ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಾನು ಮತ್ತೊಮ್ಮೆ ಆ ಊರಿಗೆ ಹೋಗಿ ಅಜ್ಜಿಗೆ ಹೊಸ ಪತ್ರಿಕೆ ಕೊಟ್ಟು ಬಂದೆ. ಮೊಮ್ಮಗ ಮತ್ತೆ ಪೂರ್ತಿ ಓದಿದ. ಮುಗಿದ ಮೇಲೂ ಅಜ್ಜಿ ಸ್ವಲ್ಪ ಕಾದರು. ‘ಅಷ್ಟೇನಾ?’ ಅಂದರು. ‘ಅಷ್ಟೇ ಕಣಜ್ಜಿ’ ಅಂದ. ಹಿತ್ತಲಲ್ಲಿ ಅವರೆ ಹೂ ಬಿಟ್ಟಿತ್ತು. ಮಾಘಕ್ಕೆ ಸರಿಯಾಗಿ ಕಾಯಿ ಬರುತ್ತೆ ಅಂತ ಅವರೇ ಹೇಳಿದರು.

ಹೊಸ ನೋಟ್‌ಬುಕ್ ತಂದಿದ್ದೇನೆ, ಇನ್ನೂರು ಪುಟದ್ದು, ರಟ್ಟಿನ ಹೊದಿಕೆ. ಅತ್ತೆ ಮೂಲೆಗಳಿಗೆ ಅರಿಶಿನ ಹಚ್ಚಿ ಒಣಗಲು ಇಟ್ಟಿದ್ದಾರೆ. ಈಗ ಇರುವ ತಾಪತ್ರಯ ಒಂದೇ. ಧಾರೆಯ ಹೊತ್ತಿನಲ್ಲಿ ಫೋಟೋ ಬಿಟ್ಟು ಆ ಮೇಜಿನ ಮುಂದೆ ಕೂರಲು ನಮ್ಮ ಮನೆಯ ಹುಡುಗರು ಒಬ್ಬರೂ ಒಪ್ಪುತ್ತಿಲ್ಲ. ಅಕ್ಷರ ದುಂಡಗಿರುವ ನೆಂಟರು ಯಾರಾದರೂ ಇದನ್ನು ಓದುತ್ತಿದ್ದರೆ ಫೋನ್ ಮಾಡಿ. ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂರಿಸುತ್ತೇನೆ.