ಸತ್ಯಾಂಶ: ಒಂದು ಲೆಕ್ಕ ತಪ್ಪಿದರೆ ಸಿದ್ಧಾಂತ ಸುಳ್ಳೇ?

"ಒಂದು ಲೆಕ್ಕ ತಪ್ಪಿದರೂ ಸಿದ್ಧಾಂತ ಸುಳ್ಳು, ಪಾಪ್ಪರ್ ಹೇಳಿದ್ದೇ ಇದು" ಎಂಬ ವಾಟ್ಸಾಪ್ ಸಂದೇಶ ಅರ್ಧ ಮಾತ್ರ ನಿಜ. ಸಿದ್ಧಾಂತ ಪರೀಕ್ಷೆಯಲ್ಲಿ ಸೋಲುವಂತಿರಬೇಕು ಎಂದು ವಿಜ್ಞಾನದ ತತ್ವಜ್ಞಾನಿ ಕಾರ್ಲ್ ಪಾಪ್ಪರ್ ಹೇಳಿದ್ದು ಹೌದು. ಆದರೆ ಲೆಕ್ಕ ತಪ್ಪಿದಾಗ ಎಡವಟ್ಟು ಎಲ್ಲಿದೆ ಎಂದು ಹುಡುಕಬೇಕಲ್ಲ!

ಯುರೇನಸ್ ಗ್ರಹ ನ್ಯೂಟನ್ ಗುರುತ್ವ ನಿಯಮದ ಲೆಕ್ಕ ಹೇಳಿದ ದಾರಿ ಬಿಟ್ಟು ಸರಿಯುತ್ತಿತ್ತು. ಕಾಣದ ಗ್ರಹವೊಂದು ಎಳೆಯುತ್ತಿದೆ ಎಂದ ಫ್ರೆಂಚ್ ಖಗೋಳಜ್ಞ ಲೆವೆರ್ಯೆ, ಅದರ ಜಾಗವನ್ನೂ ಲೆಕ್ಕ ಹಾಕಿ ಹೇಳಿದ. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನಲ್ಲಿ ಖಗೋಳಜ್ಞ ಗಾಲೆ ದೂರದರ್ಶಕ ತಿರುಗಿಸಿದ. ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಸಿಕ್ಕಿತು. ತಪ್ಪಿದ್ದು ಗುರುತ್ವ ನಿಯಮವಲ್ಲ, 'ಗ್ರಹಗಳು ಇಷ್ಟೇ' ಎಂಬ ಊಹೆ.

ಬುಧನ ದಾರಿಯೂ ನ್ಯೂಟನ್ ಲೆಕ್ಕಕ್ಕೆ ತುಸು ಹೊಂದುತ್ತಿರಲಿಲ್ಲ. ಅದಕ್ಕೂ ಅದೇ ಮದ್ದು ಹಚ್ಚಿ ವಲ್ಕನ್ ಎಂಬ ಗ್ರಹ ಹುಡುಕಿದರು. ಸಿಗಲೇ ಇಲ್ಲ. ಶತಮಾನಕ್ಕೆ ಸುಮಾರು 43 ಆರ್ಕ್ ಸೆಕೆಂಡಿನ (ಒಂದು ಆರ್ಕ್ ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು) ಆ ವ್ಯತ್ಯಾಸವನ್ನು 1915ರಲ್ಲಿ ಐನ್‌ಸ್ಟೈನ್ ತನ್ನ ಹೊಸ ಗುರುತ್ವ ಸಿದ್ಧಾಂತದಿಂದ ವಿವರಿಸಿದ. ಈ ಸಲ ಸೋತದ್ದು ನ್ಯೂಟನ್ ನಿಯಮವೇ.