ಗೊಂಬೆಯ ಬುಡದಲ್ಲಿ ಒಂದು ಹೆಸರು

ಮಗಳ ಜೇಬಿನಲ್ಲಿ ಆ ಬುಗುರಿ ಇಲ್ಲದಿದ್ದರೆ ನನಗೆ ಈ ಮುಜುಗರ ಆಗುತ್ತಲೇ ಇರಲಿಲ್ಲ.

ಹೋದ ಅಕ್ಟೋಬರಿನಲ್ಲಿ ನಾವು ನರುಕೊಗೆ ಹೋಗಿದ್ದೆವು. ಜಪಾನಿನ ಈಶಾನ್ಯದಲ್ಲಿ, ಮಿಯಾಗಿ ಪ್ರಾಂತ್ಯದ ಬೆಟ್ಟದ ಮಡಿಲಲ್ಲಿರುವ ಬಿಸಿನೀರಿನ ಬುಗ್ಗೆಗಳ ಊರು. ನಾವಿರುವ ಸೆಂದಾಯಿಯಿಂದ ಬುಲೆಟ್ ರೈಲಿನಲ್ಲಿ ಒಂದೇ ನಿಲ್ದಾಣ, ಆಮೇಲೆ ಆತುರವೇ ಇಲ್ಲದ ಒಂದು ಪುಟ್ಟ ರೈಲು. ಇಳಿದರೆ ಗಂಧಕದ ವಾಸನೆ, ಕಣ್ಣು ಹಾಯಿಸಿದ ಕಡೆಯೆಲ್ಲ ಕೊಕೆಶಿ ಗೊಂಬೆ. ದುಂಡು ತಲೆ, ಉರುಟು ಮೈ, ಕೈಯೂ ಇಲ್ಲ ಕಾಲೂ ಇಲ್ಲ. ಸ್ನಾನಕ್ಕೆ ಬಂದವರು ಮನೆಯ ಮಕ್ಕಳಿಗೆ ಒಯ್ಯಲೆಂದು ಇಲ್ಲಿನ ಮರ ಕಡೆಯುವವರು ಸುಮಾರು ಇನ್ನೂರು ವರ್ಷದ ಹಿಂದೆ ಮಾಡಲು ಶುರುಮಾಡಿದ್ದು.

ಒಂದು ಅಂಗಡಿಯ ಮುಂದಿನ ಜಗಲಿಯಲ್ಲೇ ಒಬ್ಬ ಅಜ್ಜ ಲೇತಿನ ಮುಂದೆ ಕೂತಿದ್ದ. ಮೈ ಬೇರೆ, ತಲೆ ಬೇರೆ ಕಡೆದು, ಮೈ ಗರಗರ ತಿರುಗುತ್ತಿರುವಾಗಲೇ ತಲೆಯನ್ನು ಅದರ ಕುತ್ತಿಗೆಗೆ ಒತ್ತಿ ಹಿಡಿದ. ಉಜ್ಜಿದ ಬಿಸಿಗೆ ತಲೆ ಒಳಗೆ ಕೂತುಬಿಟ್ಟಿತು. ಅಂಟಿಲ್ಲ, ಮೊಳೆಯಿಲ್ಲ. ಆಮೇಲೆ ತಲೆ ತಿರುಗಿಸಿದರೆ ಕುಯ್ಯ್ ಕುಯ್ಯ್ ಎಂದು ಮಗು ರಾಗ ತೆಗೆದ ಹಾಗೆ ಸದ್ದು. ನರುಕೊ ಗೊಂಬೆಗಳ ಗುರುತೇ ಅದು. ಮಗಳು ಹತ್ತು ಸಲ ತಿರುಗಿಸಿದಳು. ಅಜ್ಜ ಬೈಯಲಿಲ್ಲ.

ಅವಳು ತನ್ನ ಬುಗುರಿ ತೆಗೆದು ತೋರಿಸಿದಳು. ಊರಿಂದ ನನ್ನ ಅಮ್ಮ ಕೊಟ್ಟು ಕಳಿಸಿದ್ದ ಕೆಂಪು-ಹಳದಿ ಚನ್ನಪಟ್ಟಣದ ಬುಗುರಿ. ಅಜ್ಜ ಕನ್ನಡಕ ಏರಿಸಿ ನೋಡಿದ, ಉಗುರಿನಿಂದ ಕೆರೆದ, ಮೂಸಿದ, ತಿರುಗಿಸಿ ಬಿಟ್ಟ. ಬಣ್ಣಕ್ಕೆ ಈ ಹೊಳಪು ಹೇಗೆ ಬಂತು ಅಂತ ಕೇಳಿದ. ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ, ಆ ಬಿಸಿಗೆ ಅರಗು ಕರಗಿ ಹತ್ತುತ್ತದೆ, ಮೇಲೆ ಕೇದಿಗೆ ಗರಿಯಲ್ಲಿ ಉಜ್ಜುತ್ತಾರೆ ಎಂದು ನನ್ನ ಅರೆಬೆಂದ ಜಪಾನಿಯಲ್ಲಿ ಹೇಳಿದೆ. ಅಜ್ಜನ ಮುಖ ಅರಳಿತು. ಅದೇ ಬಿಸಿ! ನಾವು ಕುತ್ತಿಗೆ ಕೂರಿಸುವುದಕ್ಕೆ, ನೀವು ಬಣ್ಣಕ್ಕೆ.

ನನಗೆ ಹೆಮ್ಮೆಯೋ ಹೆಮ್ಮೆ. ಆಗ ಅಜ್ಜ ಕೇಳಿದ: 'ಮಾಡಿದವರು ಯಾರು?'

'ಚನ್ನಪಟ್ಟಣ' ಅಂದೆ.

'ಅದು ಊರು ಅಲ್ವಾ? ಮಾಡಿದವರು?'

ಬುಗುರಿಯನ್ನು ಮಗುಚಿ ಹುಡುಕಿದ. ಏನೂ ಇರಲಿಲ್ಲ. ನನ್ನ ಬಾಯಲ್ಲೂ ಏನೂ ಇರಲಿಲ್ಲ. ಅಜ್ಜ ತನ್ನ ಕೊಕೆಶಿಯೊಂದನ್ನು ಮಗುಚಿ ಬುಡ ತೋರಿಸಿದ. ಶಾಯಿಯಲ್ಲಿ ಅವನ ಹೆಸರು. ಕಪಾಟಿನಲ್ಲಿದ್ದ ಇನ್ನೊಂದರ ಬುಡದಲ್ಲಿ ಅವನ ಹೆಸರಿನ ಜೊತೆಗೆ ಅವನ ಗುರುವಿನ ಹೆಸರು, ಇದು ಅವರ ಮಾದರಿ ಎಂಬ ಒಕ್ಕಣೆ. ಗುರು ಸತ್ತು ಎಷ್ಟೋ ವರ್ಷವಾಗಿದೆ. ಆದರೂ ಆ ಹುಬ್ಬು, ಆ ಸೇವಂತಿಗೆ ಹೂವಿನ ಎಸಳು ಯಾರದು ಎಂಬ ಲೆಕ್ಕ ಚುಕ್ತಾ ಆಗಿಲ್ಲ.

ಅವತ್ತು ರಾತ್ರಿ ಬಿಸಿನೀರಿನಲ್ಲಿ ಕೂತು ನನ್ನ ಮನೆಯ ಸಾಮಾನನ್ನೆಲ್ಲ ನೆನಪಿಸಿಕೊಂಡೆ. ಹೆಸರಿಗೇನು ನಮ್ಮಲ್ಲಿ ಬರವೇ? ಅಮ್ಮನ ಅಡುಗೆಮನೆಯ ಒಂದೊಂದು ಲೋಟದ ಮೇಲೂ ಹೆಸರಿದೆ. ಗೃಹಪ್ರವೇಶಕ್ಕೆ ಕೊಟ್ಟವರದ್ದು, ಮದುವೆಗೆ ಮುಯ್ಯಿ ಮಾಡಿದವರದ್ದು, ಇಸವಿ ಸಮೇತ. ನವರಾತ್ರಿಗೆ ಕೂರಿಸುವ ಪಟ್ಟದ ಗೊಂಬೆಗಳು ಅಜ್ಜಿಗೆ ಅವರ ಅಮ್ಮ ಕೊಟ್ಟಿದ್ದು ಅಂತ ಮನೆಯ ಚಿಕ್ಕ ಮಕ್ಕಳೂ ಹೇಳುತ್ತಾರೆ. ಕೊಟ್ಟವರು ಗೊತ್ತು. ಕೊಂಡವರು ಗೊತ್ತು. ಎಷ್ಟಕ್ಕೆ ಚೌಕಾಸಿ ಮಾಡಿದೆವು ಅನ್ನುವುದಂತೂ ಚೆನ್ನಾಗಿ ಗೊತ್ತು. ಕಡೆದವರು ಮಾತ್ರ ಯಾರೋ.

ಜಪಾನಿನಲ್ಲಿ ಇದಕ್ಕೆಲ್ಲ ಕಾನೂನೇ ಇದೆ. 1950ರ ಕಾಯ್ದೆಯ ಬಲದ ಮೇಲೆ ದೊಡ್ಡ ಕಸುಬುದಾರರನ್ನು 'ಜೀವಂತ ರಾಷ್ಟ್ರೀಯ ನಿಧಿ' ಎಂದು ಕರೆದು, ಕಲಿಯಲು ಕಲಿಸಲು ವರ್ಷಕ್ಕೆ 20 ಲಕ್ಷ ಯೆನ್ ಕೊಡುತ್ತಾರೆ. 1974ರ ಇನ್ನೊಂದು ಕಾಯ್ದೆ ದಿನಬಳಕೆಯ ಕೈಕಸುಬುಗಳಿಗೆ. ಮಿಯಾಗಿಯ ಕೊಕೆಶಿಗೆ ಅದರಡಿ 1981ರಲ್ಲಿ ಮಾನ್ಯತೆ ಸಿಕ್ಕಿತು. ಅದರಲ್ಲಿ 'ಸಾಂಪ್ರದಾಯಿಕ ಕುಶಲಕರ್ಮಿ' ಅನ್ನಿಸಿಕೊಳ್ಳಬೇಕಾದರೆ 12 ವರ್ಷ ಕೆಲಸ ಮಾಡಿರಬೇಕು, ಪರೀಕ್ಷೆಯನ್ನೂ ಪಾಸಾಗಬೇಕು. ನಮ್ಮಲ್ಲೂ ಚನ್ನಪಟ್ಟಣಕ್ಕೆ ಭೌಗೋಳಿಕ ಸೂಚಕದ ಮುದ್ರೆ ಬಿದ್ದಿದೆ. ಆದರೆ ನೋಡಿ, ಆ ಮುದ್ರೆ ಕೂಡ ಊರಿಗೆ! ಆಳಿಗಲ್ಲ.

ಸೆಂದಾಯಿಗೆ ವಾಪಸ್ ಬಂದ ಮೇಲೆ ಸಿಕ್ಕಸಿಕ್ಕ ಕನ್ನಡಿಗರ ಮುಂದೆಲ್ಲ ಇದೇ ಕೊರೆತ. ನಮ್ಮವರಿಗೆ ಕೈಕೆಲಸದವರ ಬೆಲೆ ಗೊತ್ತಿಲ್ಲ, ನಾವು ಉದ್ಧಾರ ಆಗಲ್ಲ, ಇತ್ಯಾದಿ. ಏಳು ವರ್ಷ ಹೊರಗಿದ್ದವನಿಗೆ ಊರನ್ನು ಬೈಯುವುದು ಒಂಥರಾ ಊರಿಗೆ ಹೋಗಿ ಬಂದ ಹಾಗೆ.

ಒಬ್ಬ ಗೆಳೆಯ, ಹಾಸನದವನು, ಕೇಳಿಸಿಕೊಂಡು ಹೇಳಿದ: 'ಬೇಲೂರಿಗೆ ಸ್ಕೂಲ್ ಟ್ರಿಪ್ ಹೋಗಿರಲಿಲ್ವಾ ನೀನು?' ಹೋಗಿದ್ದೆ. ಗೈಡ್ ಮದನಿಕೆಯ ಕಾಲಡಿಯ ಅಕ್ಷರ ತೋರಿಸುವಾಗ ನಾನು ಚುರುಮುರಿ ತಿನ್ನುತ್ತಿದ್ದೆನೋ ಏನೋ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಆಮೇಲಿನ ಕಾಲದ ಮಲ್ಲಿತಮ್ಮ, ಎಲ್ಲರೂ ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿ ಹೋದವರೇ. ಬೇಲೂರಿನ ಗುಡಿ 1117ರದ್ದು. ಹೆಸರು ಹಾಕುವುದನ್ನು ಜಪಾನಿನಿಂದ ಕಲಿಯಬೇಕಾಗಿರಲಿಲ್ಲ. ಯಾವಾಗಲೋ ಬಿಟ್ಟುಬಿಟ್ಟೆವು ಅಷ್ಟೇ.

ಇನ್ನೊಂದು ವಿಷಯ ನನ್ನ ವಾದಕ್ಕೇ ತೊಡಕು, ಆದರೂ ಹೇಳುತ್ತೇನೆ. ಹಳೆಯ ಕೊಕೆಶಿಗಳ ಬುಡದಲ್ಲೂ ಹೆಸರಿರುತ್ತಿರಲಿಲ್ಲ. ಕಳೆದ ಶತಮಾನದಲ್ಲಿ ಪಟ್ಟಣದವರು ಇವನ್ನು ಹುಚ್ಚು ಹಿಡಿದವರ ಹಾಗೆ ಸಂಗ್ರಹಿಸಲು ಶುರುಮಾಡಿದರು. ಇದು ಯಾರದು, ಅದು ಯಾರದು ಎಂದು ಬೆನ್ನು ಬಿದ್ದರು. ಆಗ ಮಾಡುವವರು ಬರೆಯಲು ಶುರುಮಾಡಿದರು. ಕೇಳುವವರು ಬಂದ ಮೇಲೆ ಹೆಸರು ಬಂತು. ಅಂದರೆ ನಾನು ಬೈಯಬೇಕಾಗಿದ್ದು ಚನ್ನಪಟ್ಟಣವನ್ನಲ್ಲ. ಬುಗುರಿ ಕೊಂಡು ಕಾರು ಹತ್ತುವ ನಮ್ಮಂಥವರನ್ನು.

ಹೆಸರಿದ್ದರೆ ಬಾಗಿಲೂ ಇರುತ್ತದೆ. ಕೊಕೆಶಿ ಮಾಡುವವರಲ್ಲಿ ಒಬ್ಬರ ಮಾದರಿಯನ್ನು ಇನ್ನೊಬ್ಬರು ಸುಮ್ನೆ ಮಾಡುವ ಹಾಗಿಲ್ಲ, ಆ ಮನೆಯವರ ಒಪ್ಪಿಗೆ ಬೇಕು. ಅಜ್ಜನ ಮಗ ಟೋಕಿಯೋದಲ್ಲಿ ಆಫೀಸ್ ಕೆಲಸದಲ್ಲಿದ್ದಾನೆ. ಮುಂದೆ ಲೇತಿನ ಮುಂದೆ ಯಾರು ಕೂರುತ್ತಾರೆ ಎಂದು ಕೇಳಿದ್ದಕ್ಕೆ ಅಜ್ಜ ನಕ್ಕು ಟೀ ಬಗ್ಗಿಸಿದ. ಚನ್ನಪಟ್ಟಣದಲ್ಲಿ ಆ ಬಾಗಿಲು ಅಷ್ಟು ಬಿಗಿಯಲ್ಲ. ಅಲ್ಲಿನ ಗೊಂಬೆ ಕಸುಬಿನ ಪಿತಾಮಹ ಎನ್ನಿಸಿಕೊಂಡ ಬಾವಾಸ್ ಮಿಯಾ ಜಪಾನಿನಿಂದಲೇ ಕಸುಬಿನ ಮರ್ಮ ಕಲಿತು ಬಂದು ಊರಿಗೆ ಕಲಿಸಿದರು ಎಂದು ಹೇಳುತ್ತಾರೆ. ಈಗ ಎಷ್ಟೋ ಹೆಂಗಸರು ಲೇತಿನ ಮುಂದೆ ಕೂರುತ್ತಾರೆ. ನಾಳೆ ಯಾರೋ ರೋಬೋಟ್ ಗೊಂಬೆ ಬೇಕು ಅಂದರೆ ಆಲೆ ಮರದಲ್ಲಿ ಅದನ್ನೂ ಕಡೆದುಕೊಡುತ್ತಾರೆ, ಯಾರ ಒಪ್ಪಿಗೆಯೂ ಬೇಡ. ಇದೂ ಉಳಿಸಿಕೊಳ್ಳುವ ದಾರಿಯೇ ಇರಬೇಕು. ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಷ್ಟ, ಅಷ್ಟೆ.

ಹಾಗಂತ ಅಜ್ಜನ ಪ್ರಶ್ನೆ ಬಿಡಲಿಲ್ಲ. ಸಂಕ್ರಾಂತಿಗೆ ಅಮ್ಮ ಮೈಸೂರಿಗೆ ಹೊರಟಾಗ, ಎಕ್ಸ್‌ಪ್ರೆಸ್ ವೇನಲ್ಲಿ ಹೋಗಬೇಡ, ಹಳೇ ರೋಡಲ್ಲಿ ಹೋಗಿ ಬುಗುರಿ ಕೊಂಡ ಅಂಗಡಿಯಲ್ಲಿ ಕೇಳು ಎಂದು ಫೋಟೋ ಕಳಿಸಿದೆ. ಹೊಸ ರಸ್ತೆ ಊರಾಚೆ ಸುತ್ತಿಕೊಂಡು ಹೋದ ಮೇಲೆ ವ್ಯಾಪಾರ ಬಿದ್ದುಹೋಗಿದೆಯಂತೆ. ಅಂಗಡಿಯವನು ಆರಾಮಾಗಿ ಕೂರಿಸಿ ಮಾತಾಡಿಸಿದನಂತೆ.

'ಫೋಟೋ ನೋಡಿದ ತಕ್ಷಣ ಹೇಳಿಬಿಟ್ಟ ಕಣೋ' ಅಂದಳು ಅಮ್ಮ. 'ಅಂಚು ಹೀಗೆ ತೆಗೆಯೋರು ಈ ಊರಲ್ಲಿ ಒಬ್ರೇ ಅಂತೆ. ಹೆಸರು, ಬೀದಿ, ಎಲ್ಲಾ ಹೇಳ್ದ.'

'ಏನು ಹೆಸರು?'

ಆ ಕಡೆ ಒಂದು ಕ್ಷಣ ಮಾತಿಲ್ಲ.

'ಅಯ್ಯೋ, ಬರ್ಕೋಬೇಕಿತ್ತಾ?'